ದೊಡ್ಡಂಗಡಿಗೆ ಬಂದ ಆಯಾರ

ಗಜೇಂದ್ರಗಡದ ಪೇಟೆಯಲ್ಲಿ ನಮ್ಮ ಅಂಗಡಿಗೆ ಎದುರಾಗಿ ಐದು ಬಾಗಿಲಿನ ಉದ್ದನೆಯ ಕಟ್ಟಡವೊಂದಿದೆ. ಈಗ ಅದರಲ್ಲಿ ಶೇಂಗಾ ಚೀಲ ಒಟ್ಟಿದ್ದಾರೆ, ಇಲಿಗಳು ಸುಖವಾಗಿ ಸಂಸಾರ ಮಾಡಿಕೊಂಡಿವೆ. ಹೊಸ ಪೈಸೆ ಬಂದ ಮರುವರ್ಷ ಅದೇ ಕಟ್ಟಡ ಪಂಚರತ್ನ ಭಂಡಾರವಾಗಿತ್ತು. ಹುಬ್ಬಳ್ಳಿಯ ಸಾವ್ಕಾರರೊಬ್ಬರು ಊರೂರಿಗೆ ತೆಗೆಯುತ್ತಿದ್ದ ದೊಡ್ಡಂಗಡಿ ಅದು. ಬಾಗಿಲು ತೆರೆಯುವ ಮೊದಲೇ ಅದು ನನ್ನ ಮನೆಯನ್ನು ಎರಡು ಮಾಡಲು ಹೊರಟಿತ್ತು. ಆ ಸಿಟ್ಟು ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ. ಅಲ್ಲಿ ಇಲಿ ಚೀಲ ಕಡಿಯಿತು ಎಂದು ಯಾರಾದರೂ ಹೇಳಿದರೆ ಒಳಗೊಳಗೇ ಖುಷಿಯಾಗುತ್ತದೆ.

ನನ್ನ ಹೆಸರು ಶೇಖವ್ವ. ನಮ್ಮ ಯಜಮಾನರ ಹೆಸರನ್ನು ನಾನು ಹೇಳುವಂತಿಲ್ಲ. ಹೇಳಲೇಬೇಕೆಂದರೆ ಒಡಪು ಕಟ್ಟಿ ಹೇಳಬೇಕು, ಒಡಪು ಕಟ್ಟುತ್ತ ಕೂತರೆ ಕತೆ ಮುಗಿಯುವುದಿಲ್ಲ. ಊರವರು ಕೂಗುವಾಗ ನಿಮಗೇ ಗೊತ್ತಾಗುತ್ತದೆ. ಅವರದು ಅಜ್ಜನ ಕಾಲದ ಜವಳಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಪರದೆಯ ಈಚೆ ರೊಟ್ಟಿ ಬಡಿಯುತ್ತ ಆಚೆಯ ವ್ಯಾಪಾರವನ್ನೆಲ್ಲ ಕೇಳಿದವಳು ನಾನು. ಗಿರಾಕಿ ಬಂದರೆ ಮೊದಲು ಚಪ್ಪಲಿ ಬಿಟ್ಟು ಗಾದಿಯ ಮೇಲೆ ಕೂಡಬೇಕು. ಎಲೆ ಅಡಿಕೆ ಹಾಕಿಕೊಳ್ಳಬೇಕು. ಮಳೆ, ಬೆಳೆ, ಬೀಗರು ಎಲ್ಲ ಮಾತಿಗೆ ಬಂದು ಹೋದ ಮೇಲೆ ಸೀರೆ ಬಿಚ್ಚಬೇಕು. ದರ ಹೇಳಿದಾಗ ಒಂದು ಸಣ್ಣ ಜಗಳ ಆಗಬೇಕು. ಜಗಳವಿಲ್ಲದೆ ಒಯ್ದ ಸೀರೆ ಬಾಳಿಕೆ ಬರುವುದಿಲ್ಲ ಎಂದು ನಮ್ಮ ಕಡೆಯ ಹೆಂಗಸರ ನಂಬಿಕೆ.

ಗುರುಸಂಗಪ್ಪ ನನ್ನ ಮೈದುನ. ನಾನು ಈ ಮನೆಗೆ ಬಂದಾಗ ಅವನು ಅಂಗಿಯ ತೋಳಿನಿಂದ ಮೂಗು ಒರೆಸಿಕೊಳ್ಳುವ ವಯಸ್ಸಿನವನು. ನಮ್ಮ ಅತ್ತೆ ತೀರಿಕೊಂಡು ವರ್ಷವೂ ಆಗಿರಲಿಲ್ಲ. ಮೊದಲ ದಿನವೇ ಬಂದು ನನ್ನ ಸೆರಗು ಹಿಡಿದು, "ವೈನಿ, ನೀ ಹೊಳ್ಳಿ ನಿಮ್ಮೂರಿಗೆ ಹೋಗೂದಿಲ್ಲ, ಹೌದಿಲ್ಲೊ?" ಎಂದು ಕೇಳಿದ. ನನಗೆ ಅವತ್ತೇ ಮೊದಲ ಮಗ ಹುಟ್ಟಿದ. ಹೊಟ್ಟೆಯಲ್ಲಿ ಹುಟ್ಟಿದವರು ಆಮೇಲೆ ಬಂದರು.

ದೊಡ್ಡಂಗಡಿಯ ಸುದ್ದಿ ಮೊದಲು ಬಂದದ್ದು ಯಮನೂರಸಾಬನ ಬಾಯಿಂದ. ನಮ್ಮ ಪಕ್ಕದಲ್ಲೇ ಅವನ ಚಹಾದಂಗಡಿ. ಗದಗಿನ ಬಸ್ಸಿನಲ್ಲಿ ಒಂದು ದಿನ ತಡವಾಗಿ ಬರುವ ಪತ್ರಿಕೆಯನ್ನು ಅವನು ಓಣಿಗೆಲ್ಲ ಕೇಳುವ ಹಾಗೆ ಓದುತ್ತಿದ್ದ.

"ಕೇಳ್ರಿ ಕೇಳ್ರಿ! ಪಂಚರತ್ನದ ಹೊಸ ಶಾಖೆ ನಮ್ಮೂರಿಗೆ ಬರ್ತೈತಂತ. ಸೂಜಿಯಿಂದ ಸೈಕಲ್ಲಿನ ತನಕ ಒಂದಽ ಸೂರಿನ ಕೆಳಗ. ಒಂದಽ ದರ, ಚೌಕಾಸಿ ಇಲ್ಲ! ಅಂದಾನೆಪ್ಪನವರ, ಚೌಕಾಸಿ ಇಲ್ಲಂದ್ರ ಮಂದಿ ಬಾಯಿಗೆ ಏನ್ರಿ ಕೆಲಸ?"

"ಬಾಯಿಗೆ ನಿನ್ನ ಭಜಿ ಐತಲ್ಲೊ ಮಾರಾಯ," ಎಂದು ನಮ್ಮ ಯಜಮಾನರು ಗಾದಿಯ ಮೇಲಿನಿಂದಲೇ ಕೂಗಿ ಹೇಳಿದರು. ಓಣಿಯೆಲ್ಲ ನಕ್ಕಿತು.

ಮುಂದಿನ ಸುದ್ದಿಗೆ ಯಾರೂ ನಗಲಿಲ್ಲ. ಪಂಚರತ್ನ ಬಾಗಿಲು ತೆಗೆದ ಬೇರೆ ಊರುಗಳಲ್ಲಿ ಹಳೆಯ ಜವಳಿ ಅಂಗಡಿಗಳು ಒಂದೊಂದಾಗಿ ಮುಚ್ಚುತ್ತಿವೆ ಎಂದು ಬರೆದಿತ್ತು. ಯಮನೂರಸಾಬ ಅದನ್ನು ಗಟ್ಟಿಯಾಗಿ ಓದಲಿಲ್ಲ. ಪತ್ರಿಕೆ ಮಡಿಸಿಕೊಂಡು ಬಂದು ನಮ್ಮ ಗಾದಿಯ ಮೇಲೆ ಇಟ್ಟು, ಮಾತಾಡದೆ ಹೋದ. ಅಷ್ಟು ಬಾಯಿಬಡುಕನಿಗೆ ಅಷ್ಟು ಸೂಕ್ಷ್ಮ ಇತ್ತು.

ಗುರುಸಂಗ ಅದನ್ನು ಓದಿ ಅಣ್ಣನ ಮುಂದೆ ಕೂತ. "ಅಣ್ಣಾ, ನಾವೂ ಅರಿವಿ ಹೊರಗ ತೂಗ ಹಾಕೂಣು. ದರಾ ಬರದು ಹಚ್ಚೂಣು. ಕಾಲ ಬದ್ಲ್ಯಾಗಾಕತ್ತೈತಿ."

"ಅರಿವಿ ದೂರದಿಂದ ನೋಡೂದಲ್ಲ, ಮುಟ್ಟಿ ನೋಡೂದು," ಎಂದರು ಇವರು. "ದಾರಿ ಮ್ಯಾಲ ತೂಗ ಹಾಕಿದ್ರ ಧೂಳ ಹಿಡೀತೈತಿ. ಏಳು, ಉಣ್ಣು."

ಅವನು ಎದ್ದ, ಉಂಡ. ಆದರೆ ಮಾರನೆಯ ವಾರ ಹುಬ್ಬಳ್ಳಿಗೆ ಹೋಗಿ ಪಂಚರತ್ನದ ಮ್ಯಾನೇಜರನಾಗಿ ಬಂದ. ಸುದ್ದಿ ಕೇಳಿ ನನ್ನ ಕೈಯೊಳಗಿನ ಹಿಟ್ಟು ಹಾಗೆಯೇ ಉಳಿಯಿತು. ಅವನು ಒಲೆಯ ಮುಂದೆ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು ಹೇಳಿದ:

"ಆ ಅಂಗಡಿ ಬರೂದು ಬಿಡೂದಿಲ್ಲ ವೈನಿ. ಯಾವನೋ ಗೊತ್ತಿಲ್ಲದಾವ ಎದುರಿಗೆ ಬಂದು ಕುಂತ್ರ ಅಣ್ಣನ ಅಂಗಡಿ ನುಂಗಿ ನೀರ ಕುಡೀತಾನ. ನಾನಽ ಒಳಗಿದ್ರ ತಡೀಬಹುದು. ನಮ್ಮೂರ ಮಗ್ಗದ ಸೀರಿ ಅಲ್ಲಿ ಮಾರೂದಿಲ್ಲಂತ ಸಾವ್ಕಾರ ಕಡಿಂದ ಮಾತ ತಗೊಂಡೀನಿ. ಅದು ಅಣ್ಣಂದಽ ಇರಲಿ."

ಇದನ್ನು ನಾನು ಇವರಿಗೆ ಹೇಳಿದೆ. ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಇವರ ಮುಖ ಕೆಂಡವಾಯಿತು.

"ನನ್ನ ಅಂಗಡ್ಯಾಗ ನಾ ಏನ್ ಮಾರಬೇಕಂತ ಅವ ನನಗ ದಾನಾ ಕೊಡ್ತಾನೇನು? ಕೇಳಿಲ್ಲೆ. ಆ ಅಂಗಡಿ ಬಾಗಲಾ ತೆಗದ ದಿನದಿಂದ ಅವನ ಅನ್ನ ಬ್ಯಾರೆ ಒಲಿ ಮ್ಯಾಲ. ಒಂದು ಒಲಿ ಮಾಡ್ಸಿಡು."

ನಮ್ಮ ಕಡೆ ಮನೆ ಒಡೆಯುವುದೆಂದರೆ ನಡುವೆ ಗೋಡೆ ಹಾಕುವುದಲ್ಲ, ಎರಡನೆಯ ಒಲೆ ಹಾಕುವುದು. ಗೋಡೆ ಮಳೆಗೆ ಬಿದ್ದರೂ ಬೀಳಬಹುದು. ಒಲೆ ಎರಡಾದರೆ ಮಕ್ಕಳ ಮಕ್ಕಳಿಗೂ ಎರಡೇ. ಅಣ್ಣತಮ್ಮಂದಿರು ಅವತ್ತಿನಿಂದ ಮಾತು ಬಿಟ್ಟರು. ಒಂದೇ ಪಂಕ್ತಿಯಲ್ಲಿ ಉಣ್ಣಲು ಕೂತು, ಪಕ್ಕದಲ್ಲೇ ಇರುವ ಉಪ್ಪಿಗೆ, "ಅವಗ ಹೇಳು, ಉಪ್ಪ ಈಕಡೆ ಸರಸಂತ" ಎಂದು ಇವರು ನನಗೆ ಹೇಳುವುದು. ಅವನು ಅದನ್ನು ಕಿವಿಯಾರೆ ಕೇಳಿಯೂ ನಾನು ಹೇಳುವವರೆಗೆ ಕಾಯುವುದು. ಇಬ್ಬರ ತಲೆಗೂ ಒಂದೊಂದು ಸವಟಿನಿಂದ ಕೊಡಬೇಕು ಅನಿಸುತ್ತಿತ್ತು.

ಒಲೆ ಹೇಳಲು ಕುಂಬಾರ ಓಣಿಯ ಸಣ್ಣವ್ವನ ಮನೆಗೆ ಹೋದೆ. ಸಣ್ಣವ್ವ ಮಣ್ಣು ತುಳಿಯುತ್ತಿದ್ದಳು.

"ಒಲಿ ಯಾಕವ್ವಾ? ಹ್ವಾದ ವರ್ಷಽ ಒಯ್ದಿದ್ದೆಲ್ಲ?"

ಮನೆ ಒಡೆಯುತ್ತಿದೆ ಎನ್ನಬೇಕಿತ್ತು. ನಾನು ಸಾಕಿದ ಮಗನಿಗೆ ನನ್ನ ಒಲೆಯ ಅನ್ನವಿಲ್ಲ ಎಂದು ಹೇಗೆ ಹೇಳಲಿ? ಬಾಯಿಗೆ ಬಂದದ್ದು ಬೇರೆಯೇ.

"ಮೈದುನನ ಮದುವಿ ಬಂದೈತವಾ. ಅದಕ್ಕ."

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾನು ಹೇಳಿದ್ದು ಒಂದೇ ಸುಳ್ಳು, ಅದೂ ಮದುವೆಯಿಲ್ಲದೆ. ಆದರೆ ಸಣ್ಣವ್ವ ಯಾರು? ತಲೆಯ ಮೇಲೆ ಗಡಿಗೆ ಹೊತ್ತು ನರೇಗಲ್ ಸಂತೆ, ರೋಣದ ಸಂತೆ, ಸವಡಿ, ಇಟಗಿ ಎಲ್ಲ ಸುತ್ತುವವಳು. ಗಡಿಗೆ ಮಾರದ ದಿನವೂ ಸುದ್ದಿ ಮಾರದೆ ಬರುವವಳಲ್ಲ. ಅದು ನನಗೆ ಆ ಹೊತ್ತಿನಲ್ಲಿ ನೆನಪಾಗಲಿಲ್ಲ.

ಅಂಗಡಿ ತೆರೆಯುವ ದಿನ ಹತ್ತಿರ ಬಂತು. ಹುಬ್ಬಳ್ಳಿಯಿಂದ ಒಂದು ಕಟ್ಟು ಜಾಹೀರಾತಿನ ಕಾಗದಗಳು ಬಂದವು. ಡಂಗುರ ಸಾರಿಸಿ ಹಂಚಬೇಕೆಂದು ಸಾವ್ಕಾರರ ಅಪ್ಪಣೆ. ಗುರುಸಂಗ ಅವನ್ನು ಸಂಜೆ ಪಡಸಾಲೆಯಲ್ಲಿ ಹರಡಿಕೊಂಡು ಕೂತ.

"ವೈನಿ, ಡಂಗುರ ಹೊಡಿಯೂದು ಎಮ್ಮಿ ಕಳದ್ರ, ಇಲ್ಲಾ ಕರದ ಪಟ್ಟಿ ತುಂಬ್ರಿ ಅನ್ನಾಕ. ಚಲೋ ಕೆಲಸಕ್ಕ ಹಂಗ ಕರದ್ರ ಮಂದಿ ಏನಂದಾರು? ಆ ಸಾವ್ಕಾರಗ ನಮ್ಮ ಮಂದಿ ಗೊತ್ತಿಲ್ಲ. ಅರಿಷಿಣ ಕೊಡು."

ನಾನು ಅರಿಷಿಣ ಕಲಸಿ ಕೊಟ್ಟೆ. ಒಂದೊಂದು ಕಾಗದದ ನಾಲ್ಕು ಮೂಲೆಗೂ ಅರಿಷಿಣ, ನಡುವೆ ಕುಂಕುಮದ ಬೊಟ್ಟು. ಬೆರಳು ಹಳದಿಯಾಗುವವರೆಗೆ ಇಬ್ಬರೂ ಹಚ್ಚಿದೆವು. ಅರಿಷಿಣ ಹತ್ತಿದ ಕಾಗದ ಮನೆಯೊಳಗೆ ಬಂದರೆ ನಮ್ಮ ಕಡೆ ಹಗೆಯ ಮನೆಗೂ ಹೋಗಲೇಬೇಕು, ಇಲ್ಲ ಎನ್ನುವಂತಿಲ್ಲ. ಮನೆಮನೆಗೂ ಹೋಗಿ ಕೈಮುಗಿದು ಕೊಟ್ಟು ಬಂದ. ಸುತ್ತಲಿನ ಹಳ್ಳಿಗೂ ಸೈಕಲ್ ತುಳಿದ. ಯಮನೂರಸಾಬನಿಗೆ ಕೊಟ್ಟ, ಸಣ್ಣವ್ವನಿಗೂ ಕೊಟ್ಟ. ಅಣ್ಣನ ಕೈಗೆ ಮಾತ್ರ ಕೊಡಲಿಲ್ಲ. ಇವರು ಗಾದಿಯ ಮೇಲೆ ಕೂತು, ಓಣಿಯ ಒಂದೊಂದೇ ಬಾಗಿಲಿಗೆ ಆ ಹಳದಿ ಕಾಗದ ಹೋಗುವುದನ್ನು ನೋಡಿದರು. ನೋಡಿದ್ದನ್ನು ನಾನು ಪರದೆಯ ಸಂದಿನಿಂದ ನೋಡಿದೆ. ಇಬ್ಬರನ್ನೂ ಕೇಳುವ ಧೈರ್ಯ ನನಗಾಗಲಿಲ್ಲ.

ಅಂಗಡಿ ತೆರೆಯುವ ಹಿಂದಿನ ದಿನ ಸಣ್ಣವ್ವ ಒಲೆ ತಂದಳು. ಅವಳೊಬ್ಬಳೇ ಅಲ್ಲ, ಮಗನನ್ನೂ ಕರೆದುಕೊಂಡು, ಇಬ್ಬರೂ ಏದುಸಿರು ಬಿಡುತ್ತ ಹೊತ್ತು ತಂದು ಹಿತ್ತಲಲ್ಲಿ ಇಳಿಸಿದರು. ಹಂಡೆಯಂಥ ಹಂಡೆ ಕೂಡುವ ಜೋಡೊಲೆ. ಅದರ ಬಾಯೊಳಗೆ ಒಂದು ಕರು ಮಲಗಬಹುದಿತ್ತು.

"ಇಷ್ಟ್ ದೊಡ್ಡದು ಯಾಕ ಸಣ್ಣವ್ವಾ?"

"ಮದುವಿ ಒಲಿ ಮತ್ತ ಎಷ್ಟಿರಬೇಕ? ಅಂದಾನೆಪ್ಪನವರ ಮನಿ ಮದುವಿ ಅಂದ್ರ ಊರು ಉಣಬೇಕು," ಎಂದು ಅವಳು ಹಣೆಯ ಬೆವರು ಒರೆಸಿಕೊಂಡಳು. ಬೇರೆ ಸಂಸಾರಕ್ಕೆ ಎಂದು ನಿಜ ಹೇಳಿದ್ದರೆ ಗೇಣುದ್ದದ ಒಲೆ ಬರುತ್ತಿತ್ತು. ಅವಳು ಹೋದ ಮೇಲೆ ಅದರ ಪಕ್ಕ ಕೂತು ಅತ್ತೆ. ಆ ಒಲೆಯಲ್ಲಿ ಒಬ್ಬನಿಗೆ ಅನ್ನ ಬೇಯಿಸುವುದೇ?

ಅದೇ ದಿನ ನಮ್ಮ ಅಂಗಡಿಗೆ ಎಲ್ಲಿಲ್ಲದ ಗಿರಾಕಿ. ಖಣ, ಧೋತರ, ರುಮಾಲು ಎಂದು ಬಂದವರು ಬಂದ ಹಾಗೆ ಒಯ್ದರು. ಎಲ್ಲರೂ ಆಯಾರಕ್ಕೆ, ಅಂದರೆ ಮದುವೆ ಮನೆಯವರಿಗೆ ಉಡುಗೊರೆ ಕೊಡಲಿಕ್ಕೆ.

"ಯಾರ ಮದುವಿರಿ?" ಎಂದು ಇವರು ಕೇಳಿದರೆ, "ಏನೂ ಗೊತ್ತಿಲ್ಲದವರಂಗ ಕೇಳ್ತೀರಲ್ರಿ ಅಂದಾನೆಪ್ಪನವರ!" ಎಂದು ನಗುತ್ತ ಹೋಗುತ್ತಿದ್ದರು. ಚೌಕಾಸಿಯನ್ನೂ ಮಾಡಲಿಲ್ಲ. ಕೊನೆಗೆ ಕಪಾಟಿನಲ್ಲಿ ಒಂದು ರುಮಾಲೂ ಉಳಿಯಲಿಲ್ಲ. "ಮಂದಿಗೆ ಏನಾಗೇತಿ?" ಎಂದು ಇವರು ಖಾಲಿ ಕಪಾಟು ನೋಡುತ್ತ ನಿಂತರು. ಸುಗ್ಗಿ ಮುಗಿದು ಮದುವೆಗಳ ಹಂಗಾಮು ನಡೆದಿತ್ತು, ಯಾರದೋ ದೊಡ್ಡ ಮದುವೆ ಇರಬೇಕೆಂದು ಸುಮ್ಮನಾದರು.

ಬೆಳಗಾಯಿತು. ಐದೂ ಬಾಗಿಲಿಗೆ ಮಾವಿನ ತೋರಣ. ಒಳಗೆ ಗಾಜಿನ ಕಪಾಟು, ಕೊಡೆ, ಕಂದೀಲು, ಸಾಬೂನು, ಬುಟ್ಟಿ ಬುಟ್ಟಿ ಬೆಲ್ಲ, ಅಕ್ಕಿ ಚೀಲ, ಎರಡು ಸೈಕಲ್ಲು. ಹುಬ್ಬಳ್ಳಿ ಸಾವ್ಕಾರರು ಉದ್ದ ಕೋಟು ಹಾಕಿಕೊಂಡು ಮೋಟಾರಿನಲ್ಲಿ ಬಂದರು. ಇವರು ನಮ್ಮ ಅಂಗಡಿಯ ಬಾಗಿಲು ತೆಗೆದು, ಬೆನ್ನು ಬೀದಿಗೆ ಮಾಡಿ ಕೂತರು. ಕೂತವರು ಒಂದೇ ಮಾತು ಹೇಳಿದರು, ನನಗೋ ಗೋಡೆಗೋ ತಿಳಿಯಲಿಲ್ಲ:

"ಊರಿಗೆಲ್ಲ ಅರಿಷಿಣ ಹಚ್ಚಿ ಕೊಟ್ಟ. ನನಗ ಒಂದು ಕಾಗದ ಉಳೀಲಿಲ್ಲ."

ಅಷ್ಟರಲ್ಲಿ ಜನ ಬಂದರು. ಚಕ್ಕಡಿ ಕಟ್ಟಿಕೊಂಡು ಬಂದರು, ನಡೆದು ಬಂದರು, ಮಕ್ಕಳುಮರಿ ಸಮೇತ, ಹೆಂಗಸರು ಹೊಸ ಸೀರೆ ಉಟ್ಟು, ಗಂಡಸರು ಬಗಲಲ್ಲಿ ಆಯಾರದ ಗಂಟು ಇಟ್ಟುಕೊಂಡು. ದೊಡ್ಡಂಗಡಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಕೂಡಲು ಜಮಖಾನೆ ಹುಡುಕಿದರು. ಜಮಖಾನೆ ಇರಲಿಲ್ಲ. ಇರಲಿ ಎಂದು ನೆಲದ ಮೇಲೆಯೇ ಸಾಲಾಗಿ ಕೂತರು. ಯಾರೂ ಏನೂ ಕೇಳಲಿಲ್ಲ, ಯಾರೂ ಏನೂ ಕೊಳ್ಳಲಿಲ್ಲ. ಸೈಕಲ್ಲಿನ ಹಿಡಿಕೆಗೆ ಒಬ್ಬಳು ಮಗುವಿನ ಜೋಲಿ ಕಟ್ಟಿದಳು.

ಸಾವ್ಕಾರರ ದನಿ ಬೀದಿ ದಾಟಿ ನಮಗೂ ಕೇಳಿಸಿತು. "ಏನ್ರಿ ಮ್ಯಾನೇಜರ, ಇದೇನು ಅಂಗಡ್ಯೊ, ಮದುವಿ ಹಂದರೊ? ಮಂದಿ ಯಾಕ ಕುಂತಾರ?"

"ಉಣ್ಣಾಕ್ರಿ," ಎಂದು ಯಾರೋ ಕೂತಲ್ಲಿಂದಲೇ ಪ್ರಾಮಾಣಿಕವಾಗಿ ಹೇಳಿದರು.

"ಮತ್ತ ಕೈಯಾಗಿನ ಗಂಟು? ನನ್ನ ಅಂಗಡಿಗೆ ಬರಾಕ ಎದುರಿಗಿನ ಅಂಗಡ್ಯಾಗ ಅರಿವಿ ತಗೊಂಡ ಬಂದಾರೇನ್ರಿ? ಗುರುಸಂಗಪ್ಪ, ನನ್ನ ನಗಿಪಾಟ್ಲು ಮಾಡಿದ್ರಿ! ಸಂಜಿಮಟಾ ಒಂದು ಸಾಮಾನರ ಮಾರಿರಬೇಕು. ಇಲ್ಲಾಂದ್ರ ನಾಳಿಂದ ನೀವು ಬರೂದು ಬ್ಯಾಡ."

ಆಗ ಗುಂಪಿನಿಂದ ಎದ್ದು ಬೀದಿ ದಾಟಿ ಬಂದವಳು ಹೊಳೆವ್ವ. ಅಣ್ಣತಮ್ಮಂದಿರ ಸ್ವಾದರತ್ತಿ, ಅವರ ಅಪ್ಪನ ಸ್ವಂತ ಅಕ್ಕ, ಸವಡಿಗೆ ಕೊಟ್ಟವಳು. ಅವಳು ನಡೆದರೆ ಬೀದಿಯ ನಾಯಿ ಎದ್ದು ದಾರಿ ಬಿಡುತ್ತದೆ.

"ಏ ಅಂದಾನಿ! ತಮ್ಮನ ಮದುವಿ ಇಟಗೊಂಡು ಅಂಗಡಿ ತಗದು ಕುಂತೀಯೇನೊ? ಕನ್ಯಾ ಎಲ್ಲೈತಿ? ಮದುವಿ ಮಾಡ್ಸೂ ಅಯ್ನಾರು ಎಲ್ಲಿ? ಆಯಾರ ಕೊಡೂಣಂದ್ರ ಮನಿ ಹಿರಿಯ ಇಲ್ಲ. ಆ ಕೋಟಿನ್ಯಾವಗ ಯಾರು ಕೊಡ್ತಾರ?"

"ಯಾವ ಮದುವಿ ಅತ್ತಿ?" ಇವರು ದಂಗಾಗಿ ಎದ್ದು ನಿಂತರು.

"ಅರಿಷಿಣ ಹಚ್ಚಿದ ಕಾಗದ ಬಂತು. ನಮಗೇನು ಓದಾಕ ಬರ್ತೈತಿ? ನಿನ್ನ ಹೇಣ್ತಿ ಮದುವಿ ಒಲಿಗೆ ಹೇಳ್ಯಾಳಂತ ಸಣ್ಣವ್ವ ನರೇಗಲ್ ಸಂತ್ಯಾಗ ಹೇಳಿದ್ಲು. ಒಲಿಗೆ ಹೇಳಿದ ಮ್ಯಾಲ ಮದುವಿ ಅಲ್ಲದ ಮತ್ತೇನು?"

ಇವರು ತಿರುಗಿ ಪರದೆಯ ಕಡೆ ನೋಡಿದರು. ನಾನು ಪರದೆ ಸರಿಸಿ ಹೊರಗೆ ಬಂದೆ. ಇನ್ನು ಮುಚ್ಚಿಡುವುದೇನಿತ್ತು?

"ಹೌದ್ರಿ, ನಾನಽ ಹೇಳಿದ್ದು. ಮನಿ ಒಡಿಯಾಕ ಒಲಿ ಬೇಕಂತ ಕುಂಬಾರಗಿತ್ತಿ ಮುಂದ ಹೇಳಾಕ ನನ್ನ ನಾಲಗಿ ಹೊಳ್ಳಲಿಲ್ಲ. ಬೇಕಾದ್ರ ನೀವು ಹೋಗಿ ಹೇಳಿ ಬರ್ರಿ."

ಹೊಳೆವ್ವನಿಗೆ ಎಲ್ಲ ತಿಳಿದು ಹೋಯಿತು. ಅವಳು ಸುಮ್ಮನಾದದ್ದನ್ನು ನಾನು ಅವತ್ತೇ ಮೊದಲು ಕಂಡದ್ದು.

ಆ ಹೊತ್ತಿಗೆ ಗುರುಸಂಗ ಬಂದು ನಮ್ಮ ಅಂಗಡಿಯ ಮೆಟ್ಟಿಲ ಕೆಳಗೆ ನಿಂತ. ಮೇಲೆ ಹತ್ತಲಿಲ್ಲ. ಬೆರಳುಗಳಲ್ಲಿ ಅರಿಷಿಣದ ಬಣ್ಣ ಇನ್ನೂ ಇತ್ತು. ಮಾತು ಬಿಟ್ಟ ಮೇಲೆ ಅದೇ ಮೊದಲ ಸಲ ಅವನು "ಅಣ್ಣಾ" ಎಂದ.

ಇವರು ಕೇಳಿದರು, ಸಿಟ್ಟಿನಿಂದಲ್ಲ, ನೋವಿನಿಂದ: "ಊರಿಗೆಲ್ಲ ಕೊಟ್ಟಿ. ಯಮನೂರಸಾಬಗ ಕೊಟ್ಟಿ, ಸಣ್ಣವ್ವಗ ಕೊಟ್ಟಿ. ನನಗ ಒಂದು ಕಾಗದ ಇರಲಿಲ್ಲೇನೊ?"

ಗುರುಸಂಗ ತಲೆಯೆತ್ತಿ ನೋಡಿದ. ಆ ಪ್ರಶ್ನೆಯೇ ಅವನಿಗೆ ತಿಳಿಯದ ಹಾಗೆ.

"ಮನಿಯವರಿಗೆ ಯಾರರ ಕರೆ ಕೊಡ್ತಾರೇನಣ್ಣಾ? ಕಾಗದ ಕೊಟ್ಟಿದ್ರ ನೀ ಹೊರಗಿನಾವ ಆಗ್ತಿದ್ದಿ. ನೀ ಬರ್ತಿ ಅಂತಽ ತಿಳಕೊಂಡಿದ್ನಿ."

ನನಗೆ ಅಳು ತಡೆಯಲಾಗಲಿಲ್ಲ, ತಡೆಯುವ ಮನಸ್ಸೂ ಇರಲಿಲ್ಲ. ಇವರು ಬಹಳ ಹೊತ್ತು ತಮ್ಮನ ಹಳದಿ ಬೆರಳುಗಳನ್ನೇ ನೋಡುತ್ತ ನಿಂತರು. ಆಮೇಲೆ ಗೂಟಕ್ಕೆ ಹಾಕಿದ್ದ ರುಮಾಲನ್ನು ತೆಗೆದು ಸುತ್ತಿಕೊಂಡರು. ಸುತ್ತುವಾಗ ಎರಡು ಸಲ ತಪ್ಪಿತು.

"ಆ ಒಲಿ ಎಲ್ಲೈತಿ?" ಎಂದು ನನ್ನನ್ನು ಕೇಳಿದರು.

ಇಷ್ಟಾದ ಮೇಲೂ ಒಲೆಯ ಮಾತೇ? "ಹಿತ್ತಲದಾಗ ಐತ್ರಿ," ಎಂದೆ.

"ಹಚ್ಚು. ಮಠದಿಂದ ದೊಡ್ಡ ಹಂಡೆ ತರಸು. ಅರಿಷಿಣ ಕೊಟ್ಟು ಕರದ ಮಂದಿ ಹಸದು ಹೋದ್ರ ನಮ್ಮ ಮನಿತನ ಉಳೀತೈತೇನು?"

ಇವರು ಮೆಟ್ಟಿಲಿಳಿದರು. ತಮ್ಮನ ಹೆಗಲ ಮೇಲೆ ಕೈ ಹಾಕಲಿಲ್ಲ, ಅಂಥವರಲ್ಲ ಇವರು. ಅವನ ಮುಂದೆ ಹೋಗಿ, "ನಡಿ" ಎಂದರು. ಇಬ್ಬರೂ ಬೀದಿ ದಾಟಿದರು. ಒಲೆ ಹಚ್ಚುವ ಮೊದಲು ನಾನೂ ಹೊಳೆವ್ವನ ಸೆರಗು ಹಿಡಿದು ಹಿಂದೆಯೇ ಹೋದೆ. ಆ ನೋಟ ಬಿಟ್ಟು ಒಲೆಯ ಮುಂದೆ ಕೂಡಲು ನನಗೇನು ಹುಚ್ಚೇ?

ಇವರು ಜನಕ್ಕೆಲ್ಲ ಕೈಮುಗಿದರು. "ತಪ್ಪ ತಿಳೀಬ್ಯಾಡ್ರಿ. ಇವತ್ತ ಮದುವಿ ಅಲ್ಲ. ನನ್ನ ತಮ್ಮ ಹೊಸಾ ಕೆಲಸಕ್ಕ ಕೈ ಹಚ್ಚ್ಯಾನ. ನೀವು ಬಂದದ್ದು ಅವಗ ಆಶೀರ್ವಾದ. ಉಂಡು ಹೋಗಬೇಕು." ಆಮೇಲೆ ಸಾವ್ಕಾರರ ಕಡೆ ತಿರುಗಿ, "ಅಕ್ಕಿ, ಬ್ಯಾಳಿ, ಗೋದಿ ಸಜ್ಜಕದ ರವಾ, ಬೆಲ್ಲ, ಎಣ್ಣಿ ತೂ‌ಗಸ್ರಿ," ಎಂದರು.

ಸಾವ್ಕಾರರಿಗೆ ಇನ್ನೂ ತಿಳಿಯಲಿಲ್ಲ. "ಇದರ ದರಾ ಯಾರು ಕೊಡ್ತಾರ?"

"ನಾ ಕೊಡ್ತೀನ್ರಿ. ಬೋಣಿಗಿ ನಂದು. ನಿಮ್ಮಲ್ಲಿ ಒಂದಽ ದರ ಅಲ್ರಿ? ಹೇಳ್ರಿ, ನಾ ಚೌಕಾಸಿ ಮಾಡೂದಿಲ್ಲ."

ಬಾಗಿಲಲ್ಲಿ ನಿಂತಿದ್ದ ಯಮನೂರಸಾಬ ಸೀಟಿ ಹೊಡೆದ. ದೊಡ್ಡಂಗಡಿಯ ಮೊದಲ ಗಿರಾಕಿ ಎದುರಂಗಡಿಯ ಯಜಮಾನರೇ, ಅದೂ ಜೀವಮಾನದಲ್ಲಿ ಮೊದಲ ಸಲ ಜಗಳವಿಲ್ಲದೆ ಕೊಂಡದ್ದು! ಗುರುಸಂಗ ತಾನೇ ತಕ್ಕಡಿ ಹಿಡಿದ. ಅಕ್ಕಿ ತೂಗುತ್ತ ಒಂದು ಕೈಯಿಂದ ಕಣ್ಣು ಒರೆಸಿಕೊಂಡ, ಸಣ್ಣವನಿದ್ದಾಗಿನ ಹಾಗೆಯೇ ಅಂಗಿಯ ತೋಳಿನಿಂದ.

ತಂದ ಆಯಾರವನ್ನು ಹೊಳ್ಳಿ ಒಯ್ಯುವುದು ಅಪಶಕುನ ಎಂದು ಹೊಳೆವ್ವ ತೀರ್ಪು ಕೊಟ್ಟಳು. ಇವರು ಸಾವ್ಕಾರರನ್ನು ಪಕ್ಕದಲ್ಲಿ ಕೂಡಿಸಿಕೊಂಡರು. ಜನ ಒಬ್ಬೊಬ್ಬರಾಗಿ ಬಂದು ಸಾವ್ಕಾರರ ತಲೆಗೆ ರುಮಾಲು ಸುತ್ತಿದರು, ಒಂದರ ಮೇಲೆ ಒಂದು. ಅವರ ತಲೆ ಕಾಳು ತುಂಬಿಡುವ ನಮ್ಮ ಹಗೇವಿನ ಮುಚ್ಚಳದಷ್ಟಾಯಿತು. ಮೊದಲು ಕೈಯಾಡಿಸಿ ಬೇಡವೆಂದವರು ಆಮೇಲೆ ತಾವೇ ತಲೆ ಬಾಗಿಸಿ ಕೊಡತೊಡಗಿದರು.

"ಇವರು ಇನ್ನ ಗಿರಾಕಿ ಅಲ್ರಿ, ಬೀಗರು," ಎಂದು ಇವರು ಹೇಳಿದರು. "ನಾಳೆ ಇವರ ಮನಿ ಕೆಲಸಕ್ಕ ನೀವೂ ಮುಯ್ಯಿ ಒಯ್ಯಬೇಕು. ಗಿರಾಕಿ ಇವತ್ತ ಬರ್ತಾನ, ನಾಳೆ ಬಿಡ್ತಾನ. ಮುಯ್ಯಿ ಇದ್ದಾವ ಬಿಡೂದಿಲ್ಲ. ಇಂಥಾ ಮಂದೀನ ಕರದ ನಮ್ಮ ಹುಡುಗನ್ನ ಕೆಲಸದಿಂದ ತಗಿಬ್ಯಾಡ್ರಿ."

ಸಾವ್ಕಾರರು ರುಮಾಲುಗಳ ಭಾರಕ್ಕೆ ಕತ್ತು ಗಟ್ಟಿ ಹಿಡಿದುಕೊಂಡೇ, "ತಗಿಯೂದಿಲ್ರಿ," ಎಂದರು. ಆಮೇಲೆ ಕೋಟು ಬಿಚ್ಚಿಟ್ಟು ಪಂಕ್ತಿಯಲ್ಲಿ ಕೂತು ಸಜ್ಜಕ ಎರಡು ಸಲ ಹಾಕಿಸಿಕೊಂಡರು.

ಸಣ್ಣವ್ವನ ಒಲೆ ಅವತ್ತು ಉರಿದ ಪರಿ! ಅವಳೇ ಕೂತು ಕಟ್ಟಿಗೆ ಒಟ್ಟಿದಳು, ಮದುವೆ ಯಾವಾಗ ಎಂದು ನಡುನಡುವೆ ನನ್ನನ್ನು ಚುಚ್ಚುತ್ತ. ಓಣಿಯ ಹೆಂಗಸರೆಲ್ಲ ನಮ್ಮ ಹಿತ್ತಲಲ್ಲಿದ್ದರು. ಜನ ಉಂಡರು, ಎಲೆ ಅಡಿಕೆ ಹಾಕಿಕೊಂಡರು, ಹೋಗುವಾಗ ದೊಡ್ಡಂಗಡಿಯ ಗಾಜಿನ ಕಪಾಟುಗಳನ್ನು ಮುಟ್ಟಿ ಮುಟ್ಟಿ ನೋಡಿದರು. ಎರಡು ದಿನದ ಮೇಲೆ ಯಮನೂರಸಾಬ ಪತ್ರಿಕೆ ಓದಿದ: 'ಗಜೇಂದ್ರಗಡದ ಪಂಚರತ್ನಕ್ಕೆ ಜನಸಾಗರ, ಮೊದಲ ದಿನವೇ ಜವಳಿ ಖಾಲಿ.' ಜವಳಿ ಖಾಲಿಯಾದದ್ದು ನಿಜ. ಯಾರ ಅಂಗಡಿಯಲ್ಲಿ ಎಂಬುದು ಮಾತ್ರ ಪತ್ರಿಕೆಯವರಿಗೆ ತಿಳಿಯಲಿಲ್ಲ.

ಆದರೆ ನಾನು ಹೇಳಬೇಕಾದದ್ದು ಅವತ್ತಿನ ಸಂಜೆಯ ಮಾತು. ಎಲ್ಲರೂ ಹೋಗಿದ್ದರು, ದೀಪ ಹಚ್ಚಿದ್ದೆ. ಅಣ್ಣತಮ್ಮಂದಿರು ಕೈಕಾಲು ತೊಳೆದುಕೊಂಡು ಬಂದು ಎಂದಿನ ಹಾಗೆ ಒಂದೇ ಪಂಕ್ತಿಯಲ್ಲಿ ಕೂತರು. ದಿನವೆಲ್ಲ ಊರಿಗೆ ಬಡಿಸಿದ ಇಬ್ಬರೂ ತಾವು ಉಂಡಿರಲಿಲ್ಲ. ಗಂಗಾಳ ಇಟ್ಟೆ. ಅನ್ನದ ಬೋಗುಣಿ ಕೈಯಲ್ಲಿ ಹಿಡಿದು ನಿಂತೆ, ಬಡಿಸಲಿಲ್ಲ. ಆ ಅಂಗಡಿ ಬಾಗಿಲು ತೆರೆದ ದಿನ ಅದು. ಗುರುಸಂಗ ತಲೆ ತಗ್ಗಿಸಿ ಕೂತಿದ್ದ. ಅವನಿಗೂ ಅದೇ ನೆನಪಿತ್ತು.

ನಾನು ನೇರವಾಗಿ ಕೇಳಿಯೇಬಿಟ್ಟೆ. "ನೀವು ಅಂದಿದ್ರಿ, ಇವತ್ತಿನಿಂದ ಅವನ ಅನ್ನ ಬ್ಯಾರೆ ಒಲಿ ಮ್ಯಾಲಂತ. ಆ ಒಲಿ ಹಿತ್ತಲದಾಗ ಇನ್ನೂ ಬೆಚ್ಚಗ ಐತಿ. ಈಗ ಏನ್ ಮಾಡ್ಲಿ ಹೇಳ್ರಿ."

ಇವರು ಗಂಗಾಳವನ್ನು ಸ್ವಲ್ಪ ಮುಂದೆ ಸರಿಸಿದರು.

"ಅವನ ಒಲಿ ಮ್ಯಾಲಿಂದಽ ನನಗೂ ನೀಡು," ಎಂದರು. ಆಮೇಲೆ ನನ್ನ ಕಡೆ ನೋಡದೆ, ತಮ್ಮನ ಕಡೆ ನೋಡಿ, "ಗುರಸಂಗಾ, ಉಪ್ಪ ಈಕಡೆ ಸರಸು," ಎಂದರು.

ಅವನು ಸರಿಸಿದ. ನಾನು ಇಬ್ಬರಿಗೂ ಬಡಿಸಿದೆ. ನನ್ನ ಹಳೆಯ ಒಲೆಯನ್ನು ಆ ದಿನ ಬೆಳಗಿನಿಂದ ಹಚ್ಚಿಯೇ ಇರಲಿಲ್ಲ. ಮನೆಯಲ್ಲಿದ್ದ ಅನ್ನವೆಲ್ಲ ಒಂದೇ ಒಲೆಯದು, ಅದು ಇವರಿಗೂ ಗೊತ್ತಿತ್ತು.